ಲೆಕ್ಕಪತ್ರದವರಿಗೂ ಡೆವಲಪರ್‌ಗಳಿಗೂ ಒಂದೇ ಕ್ವೆರಿ ಟೂಲ್ ಸಾಕೇ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಔಷಧಗಳ ಸಗಟು ವ್ಯಾಪಾರ. ಬಿಲ್ಲಿಂಗ್, ದಾಸ್ತಾನು, ವಸೂಲಿ ಎಲ್ಲವೂ ನಾವೇ ಬರೆಸಿಕೊಂಡ ತಂತ್ರಾಂಶದಲ್ಲಿ ನಡೆಯುತ್ತದೆ. ಹಿಂದಿರುವುದು ಮೈಎಸ್‌ಕ್ಯುಎಲ್ ಡೇಟಾಬೇಸ್. ಇಬ್ಬರು ಡೆವಲಪರ್‌ಗಳಿದ್ದಾರೆ. ಲೆಕ್ಕಪತ್ರ, ಮಾರಾಟ, ಗೋದಾಮು ಸೇರಿ ಎಂಟು ಹತ್ತು ಮಂದಿ ದಿನವೂ ಅವರ ಮೇಜಿನ ಮುಂದೆ ‘ಈ ಪಟ್ಟಿ ತೆಗೆದುಕೊಡಿ’ ಎಂದು ನಿಂತಿರುತ್ತಾರೆ. ಅವರೇ ತೆಗೆದುಕೊಳ್ಳುವಂತಾಗಬೇಕು, ಡೆವಲಪರ್‌ಗಳ ಕೆಲಸಕ್ಕೂ ಒದಗಬೇಕು. ಅಂಥ ಒಂದೇ ಟೂಲ್ ಯಾವುದು? ಉಚಿತವಾಗಿದ್ದರೆ ಒಳ್ಳೆಯದು. ಇನ್ನೊಂದು ತೊಂದರೆ: ಕೆಲವು ಗ್ರಾಹಕರ ಹೆಸರು, ವಿಳಾಸ ಕನ್ನಡದಲ್ಲಿವೆ. ಎಕ್ಸೆಲ್‌ನಲ್ಲಿ ತೆರೆದರೆ ಅಕ್ಷರಗಳು ಕೆಡುತ್ತವೆ.

ಉತ್ತರ: ಒಂದೇ ಟೂಲ್ ಹುಡುಕಬೇಡಿ, ಎರಡು ಇಟ್ಟುಕೊಳ್ಳಿ. ಡೆವಲಪರ್‌ಗಳಿಗೆ ಡಿಬೀವರ್, ಉಳಿದವರಿಗೆ ಮೆಟಾಬೇಸ್. ಡಿಬೀವರ್‌ನ ಕಮ್ಯುನಿಟಿ ಆವೃತ್ತಿಗೂ, ನಿಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳುವ ಮೆಟಾಬೇಸ್‌ನ ಮುಕ್ತ ಆವೃತ್ತಿಗೂ ದುಡ್ಡು ಕೊಡಬೇಕಿಲ್ಲ. ಆದರೆ ಈ ಎರಡು ಹೆಸರುಗಳನ್ನು ಬರೆದುಕೊಂಡು ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ. ಟೂಲ್ ಹಾಕಿ ಕೈತೊಳೆದುಕೊಂಡ ಕಚೇರಿಗಳಲ್ಲಿ ಒಂದೇ ತಿಂಗಳ ಮಾರಾಟಕ್ಕೆ ಮೂರು ಬೇರೆ ಬೇರೆ ಮೊತ್ತಗಳು ಓಡಾಡುವುದನ್ನು ಕಂಡಿದ್ದೇನೆ. ಟೂಲ್‌ನ ಕೆಳಗೆ ಆಗಬೇಕಾದ ಕೆಲಸವೇ ಹೆಚ್ಚಿನದು.

ಲೆಕ್ಕಪತ್ರದವರಿಗೆ ಕ್ವೆರಿ ಭಾಷೆ, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ, ಒಗ್ಗುವುದಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ ಆ ಭಾಷೆ, ಎಸ್‌ಕ್ಯುಎಲ್, ಹುಟ್ಟಿದ್ದೇ ಅಂಥವರಿಗಾಗಿ. 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಭಾಷೆಯನ್ನು ‘ಸೀಕ್ವೆಲ್’ ಎಂಬ ಹೆಸರಿನಲ್ಲಿ ಮುಂದಿಟ್ಟಾಗ, ಕಂಪ್ಯೂಟರ್ ಪರಿಣತರಲ್ಲದ ಬಳಕೆದಾರರಿಗೆ ಉದಾಹರಣೆಯಾಗಿ ಮೊದಲು ಹೆಸರಿಸಿದ್ದು ಲೆಕ್ಕಿಗರನ್ನೇ. ಅದೇ ದಶಕದಲ್ಲಿ ಅದೇ ಸಂಸ್ಥೆಯ ಮೋಶೆ ಝ್ಲೂಫ್ ಇನ್ನೊಂದು ದಾರಿ ಹಿಡಿದರು: ಖಾಲಿ ಕೋಷ್ಟಕವೊಂದನ್ನು ಪರದೆಯಲ್ಲಿ ತೋರಿಸಿ, ಬೇಕಾದ ಕಾಲಂನಲ್ಲಿ ಬೇಕಾದ ಮಾದರಿಯನ್ನು ತುಂಬಿಸುವುದು. ಇಂದಿನ ಗುಂಡಿ ಒತ್ತುವ ಕ್ವೆರಿ ಟೂಲ್‌ಗಳೆಲ್ಲ ಆ ವಂಶದವು. ಐವತ್ತು ವರ್ಷಗಳ ಮೇಲೂ ಲೆಕ್ಕಪತ್ರದವರು ಡೆವಲಪರ್ ಮೇಜಿನ ಮುಂದೆ ನಿಂತಿದ್ದಾರೆಂದರೆ, ತೊಡಕು ಭಾಷೆಯ ವ್ಯಾಕರಣದಲ್ಲಿಲ್ಲ. ಡೇಟಾಬೇಸ್‌ನೊಳಗೆ ಯಾವ ಕೋಷ್ಟಕದ ಒಂದು ಸಾಲು ಏನನ್ನು ಹೇಳುತ್ತದೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ತೊಡಕು ಅಲ್ಲಿದೆ.

ನಿಮ್ಮದೇ ವ್ಯಾಪಾರದ ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಒಬ್ಬ ಅಂಗಡಿಯವರಿಗೆ 12,600 ರೂಪಾಯಿಯ ಬಿಲ್ಲು ಮಾಡಿದ್ದೀರಿ. ಅದರಲ್ಲಿ ಮೂರು ಔಷಧಗಳು: 6,000, 4,000, 2,600. ಅವರು ಎರಡು ಕಂತಿನಲ್ಲಿ 5,000 ಮತ್ತು 4,000 ಕೊಟ್ಟಿದ್ದಾರೆ. ಬಾಕಿ 3,600. ಡೇಟಾಬೇಸ್‌ನಲ್ಲಿ ಇದು ಬಿಲ್ಲಿನ ಕೋಷ್ಟಕದಲ್ಲಿ ಒಂದು ಸಾಲು, ಐಟಂ ಕೋಷ್ಟಕದಲ್ಲಿ ಮೂರು, ಪಾವತಿ ಕೋಷ್ಟಕದಲ್ಲಿ ಎರಡು. ಈಗ ಲೆಕ್ಕಪತ್ರದವರು ಟೂಲ್ ತೆರೆದು ಬಿಲ್ಲು, ಐಟಂ, ಪಾವತಿ ಮೂರನ್ನೂ ಬಿಲ್ಲಿನ ಸಂಖ್ಯೆಯ ಮೇಲೆ ಜೋಡಿಸುತ್ತಾರೆ. ಪ್ರತಿ ಐಟಂ ಪ್ರತಿ ಪಾವತಿಯೊಂದಿಗೂ ಸೇರಿ ಆರು ಸಾಲುಗಳಾಗುತ್ತವೆ. ಬಿಲ್ಲಿನ ಮೊತ್ತ ಕೂಡಿದರೆ 75,600. ಪಾವತಿ ಕೂಡಿದರೆ 27,000. ಕಳೆದರೆ ಬಾಕಿ 48,600! ಟೂಲ್ ಯಾವ ದೋಷವನ್ನೂ ತೋರಿಸುವುದಿಲ್ಲ. ಜೋಡಣೆ ಸರಿಯಾಗಿದೆ, ಕೂಡಿಕೆಯೂ ಸರಿಯಾಗಿದೆ, ಉತ್ತರ ಮಾತ್ರ ತಪ್ಪು. ಒಂದೇ ಬಿಲ್ಲಾದರೆ ಕಣ್ಣಿಗೆ ಬೀಳುತ್ತದೆ. ಸಾವಿರಾರು ಬಿಲ್ಲುಗಳ ಮೊತ್ತದಲ್ಲಿ, ಕೆಲವಕ್ಕೆ ಒಂದೇ ಪಾವತಿ, ಕೆಲವಕ್ಕೆ ಒಂದೇ ಐಟಂ ಇರುವಾಗ, ಉಬ್ಬಿದ ಅಂಕಿ ನಂಬುವಂತೆಯೇ ಕಾಣುತ್ತದೆ. ಅದನ್ನು ಹಿಡಿದುಕೊಂಡು ಸೇಲ್ಸ್‌ಮನ್ ಅಂಗಡಿಯವರ ಮುಂದೆ ಹೋಗಿ ನಿಂತಾಗ ಆಗುವ ಮುಜುಗರ ನಿಮ್ಮ ವ್ಯಾಪಾರಕ್ಕೆ.

ಎಷ್ಟು ದುಬಾರಿ ಟೂಲ್ ಕೊಂಡರೂ ಈ ತಪ್ಪಿನಿಂದ ನಿಮ್ಮನ್ನು ಕಾಯುವುದಿಲ್ಲ. ಕಾಯುವುದು ವ್ಯೂ. ಎಂದರೆ, ಡೆವಲಪರ್ ಒಮ್ಮೆ ಸರಿಯಾಗಿ ಬರೆದು ಹೆಸರಿಟ್ಟು ಡೇಟಾಬೇಸ್‌ನಲ್ಲಿ ಉಳಿಸಿದ ಕ್ವೆರಿ; ಉಳಿದವರಿಗೆ ಅದು ಮಾಮೂಲಿ ಕೋಷ್ಟಕದಂತೆಯೇ ಕಾಣುತ್ತದೆ. ‘ಬಿಲ್ಲುವಾರು ಬಾಕಿ’ ಎಂಬ ವ್ಯೂ ಮಾಡಿ, ಅದರೊಳಗೆ ಪಾವತಿಗಳನ್ನು ಬಿಲ್ಲಿಗೊಂದರಂತೆ ಮೊದಲೇ ಕೂಡಿಸಿಟ್ಟು, ಒಂದು ಸಾಲಿಗೆ ಒಂದೇ ಬಿಲ್ಲು ಇರುವಂತೆ ನೋಡಿಕೊಂಡರೆ, ಲೆಕ್ಕಪತ್ರದವರು ಅದನ್ನು ಹೇಗೆ ಕೂಡಿದರೂ ಮೊತ್ತ ಸರಿಯಾಗಿರುತ್ತದೆ. ನಿಮ್ಮಲ್ಲಿಗೆ ಏಳೆಂಟು ವ್ಯೂಗಳಿಂದ ಬಹುಪಾಲು ಕೆಲಸ ಮುಗಿಯುತ್ತದೆ ಎಂದು ನನ್ನ ಅಂದಾಜು: ಬಿಲ್ಲುವಾರು ಬಾಕಿ, ಐಟಂವಾರು ಮಾರಾಟ, ಬ್ಯಾಚ್‌ವಾರು ದಾಸ್ತಾನು ಮತ್ತು ಅವಧಿ, ವಾಪಸು ಬಂದ ಮಾಲು, ವಸೂಲಿ, ಖರೀದಿ, ಗ್ರಾಹಕರ ಪಟ್ಟಿ. ಕಾಲಂಗಳ ಹೆಸರನ್ನು ನಿಮ್ಮವರು ಬಾಯಲ್ಲಿ ಹೇಳುವಂತೆಯೇ ಇಡಿ. ‘ಬಾಕಿ’ ಎಂದು ಕನ್ನಡದಲ್ಲೇ ಹೆಸರಿಡಲೂ ಮೈಎಸ್‌ಕ್ಯುಎಲ್ ಒಪ್ಪುತ್ತದೆ. ಡೆವಲಪರ್‌ಗಳಿಗೆ ಅದು ತೊಡಕೆನಿಸಿದರೆ ಡೇಟಾಬೇಸ್‌ನಲ್ಲಿ ಇಂಗ್ಲಿಷ್ ಹೆಸರು ಇಟ್ಟು, ಮೆಟಾಬೇಸ್‌ನಲ್ಲಿ ತೋರಿಸುವ ಹೆಸರನ್ನು ಕನ್ನಡಕ್ಕೆ ಬದಲಿಸಿ.

ವ್ಯೂ ಬರೆಯಲು ಕೂರುವ ಮೊದಲು ಒಂದು ಮಧ್ಯಾಹ್ನ ಎಲ್ಲರನ್ನೂ ಒಂದೆಡೆ ಕೂರಿಸಿ. ‘ಮಾರಾಟ’ ಎಂದರೆ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ? ವಾಪಸು ಬಂದ ಮಾಲನ್ನು ಕಳೆಯಬೇಕೇ? ಕಳೆಯುವುದಾದರೆ ಮೂಲ ಬಿಲ್ಲಿನ ತಿಂಗಳಿಗೋ, ವಾಪಸು ಬಂದ ತಿಂಗಳಿಗೋ? ರದ್ದಾದ ಬಿಲ್ಲುಗಳು ಕೋಷ್ಟಕದಲ್ಲೇ ಉಳಿದಿವೆಯೇ? ಹತ್ತಕ್ಕೆ ಒಂದು ಉಚಿತವಾಗಿ ಕೊಟ್ಟ ಸ್ಕೀಮ್ ಮಾಲು ಎಣಿಕೆಗೆ ಬರುತ್ತದೆಯೇ? ಲೆಕ್ಕಪತ್ರದವರ ಉತ್ತರ ಒಂದಾದರೆ ಮಾರಾಟದವರ ಉತ್ತರ ಇನ್ನೊಂದು ಇರುತ್ತದೆ. ಇಬ್ಬರದೂ ಸರಿಯೇ. ಹಾಗಾಗಿ ‘ನಿವ್ವಳ ಮಾರಾಟ’, ‘ಒಟ್ಟು ಮಾರಾಟ’ ಎಂದು ಎರಡು ಕಾಲಂ ಇಟ್ಟು, ಅರ್ಥವನ್ನು ಒಂದೊಂದು ವಾಕ್ಯದಲ್ಲಿ ಬರೆದಿಡಿ. ಆ ಮಾತುಕತೆ ನಡೆಯದ ಕಚೇರಿಗೆ ಯಾವ ಟೂಲನ್ನೂ ನಾನು ಶಿಫಾರಸು ಮಾಡಲಾರೆ.

ಇನ್ನು ಅನುಮತಿಯ ವಿಷಯ. ಇಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಕೆಲವು ವರ್ಷಗಳ ಹಿಂದೆ ನಾನು ಸಲಹೆಗೆ ಹೋಗುತ್ತಿದ್ದ ಒಂದು ಕಚೇರಿಯಲ್ಲಿ, ಪಟ್ಟಿ ನೋಡಿಕೊಳ್ಳಲಿ ಎಂದು ಲೆಕ್ಕಪತ್ರದ ಹುಡುಗಿಯೊಬ್ಬಳಿಗೆ ಡೆವಲಪರ್‌ಗಳು ಬಳಸುವ ಟೂಲನ್ನೇ ಕೊಟ್ಟಿದ್ದರು, ಅವರದೇ ಪಾಸ್‌ವರ್ಡ್‌ನೊಂದಿಗೆ. ಆ ಟೂಲ್‌ನಲ್ಲಿ ಕೋಷ್ಟಕ ಎಕ್ಸೆಲ್ ಹಾಳೆಯಂತೆಯೇ ಕಾಣುತ್ತಿತ್ತು. ಒಂದು ದರವನ್ನು ಪ್ರತಿ ಮಾಡಿಕೊಳ್ಳಲು ಆಕೆ ಅದಿದ್ದ ಚೌಕದ ಮೇಲೆ ಎರಡು ಸಲ ಒತ್ತಿದಳು, ಕೈತಪ್ಪಿ ಒಂದು ಅಂಕಿ ಬಿತ್ತು, ಎಂಟರ್ ಒತ್ತಿದಳು. ಅಷ್ಟೇ, ಬದಲಾವಣೆ ನೇರ ಡೇಟಾಬೇಸ್‌ಗೆ ಹೋಯಿತು. ಎರಡು ದಿನ ಆ ವಸ್ತುವಿಗೆ ತಪ್ಪು ದರದಲ್ಲೇ ಬಿಲ್ಲಾಯಿತು. ಎಲ್ಲರೂ ಆಕೆಯನ್ನೇ ದೂರಿದರು. ಅದು ಆಕೆಯ ತಪ್ಪಲ್ಲ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಓದಲು ಬಂದವರ ಕೈಗೆ ತಿದ್ದುವ ಅಧಿಕಾರ ಕೊಟ್ಟವರ ತಪ್ಪು ಅದು.

ಆದ್ದರಿಂದ ಹೀಗೆ ಮಾಡಿ. ‘ವರದಿ’ ಎಂಬ ಬೇರೆಯೇ ಡೇಟಾಬೇಸ್ ಸೃಷ್ಟಿಸಿ, ವ್ಯೂಗಳನ್ನೆಲ್ಲ ಅದರೊಳಗೆ ಇಡಿ. ಮೆಟಾಬೇಸ್‌ಗೆಂದು ಹೊಸ ಬಳಕೆದಾರ ಖಾತೆ ತೆರೆದು, ಆ ‘ವರದಿ’ಯ ಮೇಲೆ ಸೆಲೆಕ್ಟ್, ಅಂದರೆ ಓದುವ ಅನುಮತಿ ಒಂದನ್ನು ಬಿಟ್ಟು ಬೇರೇನನ್ನೂ ಕೊಡಬೇಡಿ. ಮೈಎಸ್‌ಕ್ಯುಎಲ್‌ನ ವ್ಯೂಗಳು, ನೀವು ಬೇರೆ ಹೇಳದಿದ್ದರೆ, ಅವುಗಳ ಡಿಫೈನರ್‌ನ ಅಂದರೆ ಸೃಷ್ಟಿಸಿದವರ ಹಕ್ಕಿನಲ್ಲಿ ನಡೆಯುತ್ತವೆ. ಹಾಗಾಗಿ ಮೂಲ ಕೋಷ್ಟಕಗಳನ್ನು ಮುಟ್ಟುವ ಅನುಮತಿ ಓದುವವರಿಗೆ ಬೇಕೇ ಇಲ್ಲ. ಟೂಲ್‌ನಲ್ಲಿ ಯಾರು ಏನನ್ನು ಒತ್ತಿದರೂ ಡೇಟಾಬೇಸೇ ‘ಆಗದು’ ಎನ್ನುತ್ತದೆ. ಟೂಲ್‌ನ ಸೆಟ್ಟಿಂಗ್‌ನಲ್ಲಿ ‘ಓದಲು ಮಾತ್ರ’ ಎಂದು ಗುರುತು ಹಾಕುವುದು ಇದಕ್ಕೆ ಸಾಟಿಯಲ್ಲ. ಗುರುತನ್ನು ಯಾರು ಬೇಕಾದರೂ ತೆಗೆಯಬಹುದು.

ಸಾಧ್ಯವಾದರೆ ಈ ವ್ಯೂಗಳು ಬಿಲ್ಲಿಂಗ್ ನಡೆಯುವ ಸರ್ವರ್ ಮೇಲೆಯೇ ಓಡದಿರಲಿ. ಮೈಎಸ್‌ಕ್ಯುಎಲ್ ದತ್ತಾಂಶ ಇಡಲು ಮಾಮೂಲಿಯಾಗಿ ಬಳಸುವ ಇನ್ನೋಡಿಬಿ ವ್ಯವಸ್ಥೆಯಲ್ಲಿ ಬರೀ ಓದುವ ಕ್ವೆರಿ ಬೇರೆಯವರ ಬರವಣಿಗೆಗೆ ಬೀಗ ಹಾಕುವುದಿಲ್ಲ, ನಿಜ. ಆದರೆ ಮೂರು ವರ್ಷಗಳ ಮಾರಾಟವನ್ನು ಜಾಲಾಡುವ ಕ್ವೆರಿ ಡಿಸ್ಕನ್ನೂ ಮೆಮೊರಿಯನ್ನೂ ಕಬಳಿಸುತ್ತದೆ, ಕೌಂಟರ್‌ನಲ್ಲಿ ಬಿಲ್ಲು ನಿಧಾನವಾಗುತ್ತದೆ. ಹಳೆಯದಾದರೂ ಗಟ್ಟಿಯಾದ ಇನ್ನೊಂದು ಯಂತ್ರದಲ್ಲಿ ರೆಪ್ಲಿಕಾ, ಅಂದರೆ ಮೂಲದ ಬದಲಾವಣೆಗಳನ್ನು ತಾನಾಗಿಯೇ ಪಡೆಯುತ್ತಿರುವ ನಕಲು, ಇಟ್ಟರೆ ಉತ್ತಮ. ಅದು ಹೆಚ್ಚೆನಿಸಿದರೆ ಪ್ರತಿ ರಾತ್ರಿ ಒಂದು ನಕಲು ತೆಗೆದು ಅಲ್ಲಿ ಹಾಕಿದರೂ ಬಹುತೇಕ ಪಟ್ಟಿಗಳಿಗೆ ಸಾಕು. ‘ಈ ಕ್ಷಣದ ದಾಸ್ತಾನು’ ನಿಮ್ಮ ಬಿಲ್ಲಿಂಗ್ ಪರದೆಯಲ್ಲೇ ಸಿಗುತ್ತದಲ್ಲ. ನಕಲು ಮಾಡುವಾಗ ಒಂದು ಎಚ್ಚರಿಕೆ: ವ್ಯೂ ಸೃಷ್ಟಿಸಿದ ಖಾತೆ ಹೊಸ ಯಂತ್ರದಲ್ಲೂ ಇರಬೇಕು. ಇಲ್ಲದಿದ್ದರೆ 1449 ಎಂಬ ದೋಷ ಬಂದು ವ್ಯೂ ತೆರೆಯುವುದೇ ಇಲ್ಲ. ಆ ಯಂತ್ರದಲ್ಲಿ ‘ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್’ ಎಂಬ ಮಿತಿಯನ್ನು 60,000ಕ್ಕೆ ಇಡಿ. ಲೆಕ್ಕ ಮಿಲಿಸೆಕೆಂಡ್‌ಗಳಲ್ಲಿ, ಅಂದರೆ ಒಂದು ನಿಮಿಷ. ಅದಕ್ಕಿಂತ ಹೆಚ್ಚು ಓಡುವ ಸೆಲೆಕ್ಟ್ ತಾನಾಗಿಯೇ ನಿಲ್ಲುತ್ತದೆ.

ಇಷ್ಟು ಆದ ಮೇಲೆ ಟೂಲ್ ಆಯ್ಕೆ ಸುಲಭ. ಮೆಟಾಬೇಸ್ ಅನ್ನು ನಾನು ಹೇಳಿದ್ದಕ್ಕೆ ಕಾರಣ ಅದರ ಪ್ರಶ್ನೆ ಕಟ್ಟುವ ಪರದೆ. ಯಾವ ಕೋಷ್ಟಕ, ಯಾವ ಷರತ್ತು, ಯಾವುದರ ಮೊತ್ತ, ಯಾವುದರ ಪ್ರಕಾರ ಗುಂಪು, ಈ ನಾಲ್ಕನ್ನು ಒತ್ತಿ ಆಯ್ದರೆ ಪಟ್ಟಿ ಬರುತ್ತದೆ. ಆ ಪಟ್ಟಿಯ ಹಿಂದಿನ ಎಸ್‌ಕ್ಯುಎಲ್ ಅನ್ನು ಒಂದು ಗುಂಡಿಯಲ್ಲಿ ನೋಡಬಹುದು. ಲೆಕ್ಕಪತ್ರದವರು ಎಲ್ಲಿ ಎಡವಿದರು ಎಂದು ಡೆವಲಪರ್ ಅದನ್ನು ನೋಡಿ ಹೇಳಬಲ್ಲರು. ಇದು ಸಣ್ಣ ಅನುಕೂಲವಲ್ಲ. ಬ್ರೌಸರ್‌ನಲ್ಲೇ ತೆರೆಯುವುದರಿಂದ ಹತ್ತು ಮಂದಿಯ ಕಂಪ್ಯೂಟರ್‌ಗಳಲ್ಲಿ ಏನನ್ನೂ ಹಾಕಬೇಕಿಲ್ಲ. ಕೊರತೆಗಳೂ ಇವೆ. ಒಬ್ಬ ಸೇಲ್ಸ್‌ಮನ್‌ಗೆ ತನ್ನ ಲೈನಿನ ಅಂಗಡಿಗಳ ಸಾಲುಗಳಷ್ಟೇ ಕಾಣಬೇಕು ಎಂಬ ನಿರ್ಬಂಧ ಬೇಕಾದರೆ ಅದು ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿದೆ. ಅಲ್ಲಿಯವರೆಗೆ ಸೇಲ್ಸ್‌ಮನ್‌ಗಳಿಗೆ ಲಾಗಿನ್ ಕೊಡದೆ, ಕಚೇರಿಯಿಂದಲೇ ಪಟ್ಟಿ ಕಳುಹಿಸಿ. ಇನ್ನೊಂದು: ಮೆಟಾಬೇಸ್ ತನ್ನ ಸ್ವಂತ ನೆನಪಿಗೆ ಬಳಸುವ ಎಚ್2 ಎಂಬ ಪುಟ್ಟ ಡೇಟಾಬೇಸ್ ಪ್ರಯೋಗಕ್ಕೆ ಮಾತ್ರ. ನಿಜವಾದ ಬಳಕೆ ಶುರುವಾಗುವ ಮೊದಲೇ ಅದನ್ನು ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ಗೆ ವರ್ಗಾಯಿಸಿ. ಇಲ್ಲದಿದ್ದರೆ ಒಂದು ದಿನ ಆ ಕಡತ ಕೆಟ್ಟು, ನಿಮ್ಮವರು ಕಟ್ಟಿಟ್ಟ ಪ್ರಶ್ನೆಗಳೆಲ್ಲ ಹೋದಾವು.

ಅಪಾಚೆ ಸೂಪರ್‌ಸೆಟ್ ಬಗ್ಗೆಯೂ ನಿಮ್ಮ ಡೆವಲಪರ್‌ಗಳು ಕೇಳಿರಬಹುದು. 2015ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ, ಇದೇ ಬಗೆಯ ಒಳ್ಳೆಯ ಸಾಧನ, ಅದರ ಚಾರ್ಟ್‌ಗಳೂ ಚೆಂದ. ಆದರೆ ಅದನ್ನು ನಡೆಸಿಕೊಂಡು ಹೋಗಲು ಹೆಚ್ಚಿನ ಕೈಗಳು ಬೇಕು, ನಿಮ್ಮ ಗಾತ್ರಕ್ಕೆ ಭಾರ. ರೀಡ್ಯಾಶ್ ಎಂಬ ಇನ್ನೊಂದು ಟೂಲ್‌ನಲ್ಲಿ ಎಸ್‌ಕ್ಯುಎಲ್ ಬಲ್ಲವರು ಕ್ವೆರಿ ಬರೆದಿಟ್ಟು, ಉಳಿದವರು ದಿನಾಂಕ, ಊರು ತುಂಬಿ ಓಡಿಸುವ ಕ್ರಮವಿದೆ. ಆ ಸೌಲಭ್ಯ ಮೆಟಾಬೇಸ್‌ನಲ್ಲೂ ಇರುವುದರಿಂದ ಬೇರೆ ಬೇಕಿಲ್ಲ.

ಡೆವಲಪರ್‌ಗಳ ಕಡೆ ಹೆಚ್ಚು ಹೇಳಬೇಕಾದ್ದಿಲ್ಲ, ಅವರ ಕೈಗೆ ಒಗ್ಗಿದ್ದನ್ನು ಅವರೇ ಬಲ್ಲರು. ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್ ಇದೆ, ವಿಂಡೋಸ್‌ನಲ್ಲಿ ಹಗುರವಾಗಿ ಓಡುವ ಹೈಡಿಎಸ್‌ಕ್ಯುಎಲ್ ಇದೆ. ಡಿಬೀವರ್ ಮೇಲೆ ನನಗೆ ಒಲವು ಹೆಚ್ಚು. ನಾಳೆ ನೀವು ಪೋಸ್ಟ್‌ಗ್ರೆಸ್‌ಗೆ ಹೋದರೂ ಟೂಲ್ ಬದಲಿಸಬೇಕಿಲ್ಲ. ಬಿಲ್ಲಿಂಗ್ ಸರ್ವರ್‌ನ ಸಂಪರ್ಕಕ್ಕೆ ಕೆಂಪು ಬಣ್ಣ, ಪರೀಕ್ಷೆಯದಕ್ಕೆ ಹಸಿರು ಎಂದು ಗುರುತಿಸಿಟ್ಟುಕೊಳ್ಳಬಹುದು. ಕೆಂಪು ಸಂಪರ್ಕದಲ್ಲಿ ಸ್ವಯಂ ಕಮಿಟ್ ಅನ್ನು, ಅಂದರೆ ಬದಲಾವಣೆಯನ್ನು ತಾನಾಗಿಯೇ ಖಾಯಂ ಮಾಡುವ ಏರ್ಪಾಡನ್ನು, ತಪ್ಪದೆ ಆಫ್ ಮಾಡಿಡಲಿ. ಅಪ್‌ಡೇಟ್ ಓಡಿಸಿ, ಎಷ್ಟು ಸಾಲು ಬದಲಾಯಿತೆಂದು ನೋಡಿ, ಆಮೇಲೆ ಕಮಿಟ್. ಒಂದು ಸಾಲು ಬದಲಾಗಬೇಕಾದಲ್ಲಿ ನಲವತ್ತು ಸಾವಿರ ಎಂದು ಕಂಡರೆ ರೋಲ್‌ಬ್ಯಾಕ್ ಮಾಡಿ ಮೊದಲಿನಂತಾಗಿಸಲು ಆಗ ಅವಕಾಶವಿರುತ್ತದೆ.

ಡೆವಲಪರ್ ಟೂಲ್‌ಗಳನ್ನು ಲೆಕ್ಕಪತ್ರದವರಿಗೆ ಕೊಡಬಾರದು ಎನ್ನಲು ಇನ್ನೊಂದು ಕಾರಣ, ಸಾಲುಗಳ ಮಿತಿ. ವರ್ಕ್‌ಬೆಂಚ್ ತಾನಾಗಿಯೇ ಮೊದಲ 1,000 ಸಾಲುಗಳನ್ನಷ್ಟೇ ತರುತ್ತದೆ, ಡಿಬೀವರ್ ಮೊದಲಿಗೆ 200. ಡೆವಲಪರ್‌ಗೆ ಇದು ಗೊತ್ತು. ಪಟ್ಟಿ ಬಂದಿತೆಂದು ಪ್ರತಿ ಮಾಡಿ ಎಕ್ಸೆಲ್‌ಗೆ ಅಂಟಿಸಿ ಮೊತ್ತ ಹಾಕುವವರಿಗೆ ಗೊತ್ತಿರುವುದಿಲ್ಲ. ಮೆಟಾಬೇಸ್ ಕೂಡ ಬಿಡಿ ಸಾಲುಗಳನ್ನು ಪರದೆಯಲ್ಲಿ 2,000ದವರೆಗೆ ಮಾತ್ರ ತೋರಿಸುತ್ತದೆ. ಆದ್ದರಿಂದ ಮೊತ್ತವನ್ನು ಟೂಲ್‌ನೊಳಗೇ ಹಾಕಿಸುವ ರೂಢಿ ಮಾಡಿಸಿ. ಮಿತಿ ಎಕ್ಸೆಲ್‌ಗೂ ಇದೆ: ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536 ಸಾಲು, ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಹಳೆಯ ಬಗೆಯ ಕಡತ ಬಳಸಿದ್ದರಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅದರಿಂದ ತಡವಾಯಿತು. ಸಾಲುಗಳು ಸದ್ದಿಲ್ಲದೆ ಉದುರುತ್ತವೆ.

ನಿಮ್ಮ ಕನ್ನಡದ ತೊಂದರೆಗೆ ಬರುತ್ತೇನೆ. ‘ಕೆಡುತ್ತವೆ’ ಎಂದಿರಿ, ಹೇಗೆ ಕೆಡುತ್ತವೆ ಎಂಬುದರಲ್ಲಿ ಎಲ್ಲವೂ ಇದೆ. ಮೂರು ಬಗೆ. ಗೀಟು ಹೊತ್ತ ಇಂಗ್ಲಿಷ್ ‘ಎ’ ಅಕ್ಷರ ಮತ್ತೆ ಮತ್ತೆ ಬರುವ ಗೋಜಲು ಕಂಡರೆ ಹೆದರಬೇಡಿ, ದತ್ತಾಂಶ ಚೆನ್ನಾಗಿಯೇ ಇದೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನು ಎರಡು ಸಲ ಒತ್ತಿ ತೆರೆದಾಗ ಎಕ್ಸೆಲ್ ಅದನ್ನು ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಉಳಿಸಿಡುವ ಯೂನಿಕೋಡ್ ಕ್ರಮ) ಎಂದು ಗುರುತಿಸದೆ ತಪ್ಪಾಗಿ ಓದುತ್ತಿದೆ. ಮೆಟಾಬೇಸ್‌ನಿಂದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿಯೇ ಇಳಿಸಿಕೊಂಡರೆ ಈ ತೊಂದರೆ ಇರುವುದಿಲ್ಲ. ಹೆಸರಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಡೇಟಾಬೇಸ್‌ನಲ್ಲೇ ಕಂಡರೆ ಅದು ಕೆಟ್ಟ ಸುದ್ದಿ. ಕೋಷ್ಟಕವೋ ಸಂಪರ್ಕವೋ ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1 ಎಂಬ ಅಕ್ಷರ ಸಂಕೇತದಲ್ಲಿದ್ದು, ಬರೆಯುವಾಗಲೇ ಅಕ್ಷರಗಳು ಹೋಗಿವೆ. ಮತ್ತೆ ತುಂಬಿಸುವುದೊಂದೇ ದಾರಿ, ಅದಕ್ಕೆ ಮೊದಲು ಕೋಷ್ಟಕ ಮತ್ತು ಸಂಪರ್ಕ ಎರಡನ್ನೂ ಯುಟಿಎಫ್8ಎಂಬಿ4 ಎಂಬ ಯೂನಿಕೋಡ್ ಸಂಕೇತಕ್ಕೆ ಬದಲಿಸಿ. ಮೂರನೆಯದು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮುದ್ದೆ. ಅದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪಿಸಿದ್ದು. ಆ ಫಾಂಟ್ ಹಾಕಿದರೆ ಕನ್ನಡವಾಗಿ ಕಾಣುತ್ತದೆ, ಆದರೆ ಯಾವ ಕ್ವೆರಿ ಟೂಲ್‌ನ ಹುಡುಕಾಟಕ್ಕೂ ಕನ್ನಡವಾಗಿ ಸಿಗುವುದಿಲ್ಲ. ಪರಿವರ್ತಕಗಳಿವೆ, ಒಮ್ಮೆ ಕೂತು ಯೂನಿಕೋಡ್‌ಗೆ ತಂದುಬಿಡಿ.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. ‘ರಾಜ್‌ಕುಮಾರ್’ ಎಂದು ಜಕಾರದ ಕೆಳಗೆ ಒತ್ತು ಬರದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿರುತ್ತದೆ. ಇನ್ನೊಬ್ಬರು ಅದಿಲ್ಲದೆ ‘ರಾಜ್ಕುಮಾರ್’ ಎಂದು ಟೈಪಿಸಿರುತ್ತಾರೆ. ಹಳೆಯ ಕೋಷ್ಟಕಗಳ ‘ಜನರಲ್’ ಕೊಲೇಶನ್‌ಗೆ, ಅಂದರೆ ಅಕ್ಷರಗಳನ್ನು ಹೋಲಿಸುವ ನಿಯಮಕ್ಕೆ, ಇವು ಎರಡು ಬೇರೆ ಹೆಸರುಗಳು. ಹೆಸರಿನ ಪ್ರಕಾರ ಗುಂಪು ಮಾಡಿದರೆ ಒಬ್ಬರೇ ಗ್ರಾಹಕರು ಇಬ್ಬರಾಗಿ, ಬಾಕಿ ಹಂಚಿಹೋಗುತ್ತದೆ. ವ್ಯೂಗಳಲ್ಲಿ ಗುಂಪು ಮಾಡುವುದು ಯಾವಾಗಲೂ ಗ್ರಾಹಕ ಸಂಖ್ಯೆಯ ಮೇಲೆ ಇರಲಿ, ಹೆಸರು ಓದಲಿಕ್ಕೆ ಮಾತ್ರ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಕ್ವೆರಿ ಬರೆದುಕೊಡುವ ಎಐ ಸಹಾಯಕಗಳ ಬಗ್ಗೆ ನೀವು ಕೇಳಿಲ್ಲವಾದರೂ ಮುಂದಿನ ಪ್ರಶ್ನೆ ಅದೇ ಆಗುತ್ತದೆ. ವ್ಯೂಗಳ ಮೇಲೆ ಬಳಸಿದರೆ ಪ್ರಯೋಜನವಿದೆ. ಮೂಲ ಕೋಷ್ಟಕಗಳ ಮೇಲೆ ಬಿಟ್ಟರೆ ಮೇಲಿನ 48,600ರ ತಪ್ಪನ್ನೇ ನಯವಾದ ಭಾಷೆಯಲ್ಲಿ ಮಾಡಿಯಾವು. ಅಂಗಡಿಯವರ ಹೆಸರು, ಫೋನ್ ಸಂಖ್ಯೆ ಇರುವ ಸಾಲುಗಳನ್ನು ಹೊರಗಿನ ಸೇವೆಗೆ ಅಂಟಿಸಲು ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅಂಥ ಮಾಹಿತಿಯನ್ನು ಕಾಯುವ ಹೊಣೆಯನ್ನು ನಿಮ್ಮ ಮೇಲೆಯೇ ಇಡುತ್ತದೆ. ಭದ್ರತೆಯಲ್ಲಿ ಲೋಪವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಶುರು ಎಲ್ಲಿಂದ ಎಂದರೆ, ಗೋದಾಮಿನಿಂದ. ಮುಂದಿನ ತೊಂಬತ್ತು ದಿನಗಳಲ್ಲಿ ಅವಧಿ ಮೀರುವ ಬ್ಯಾಚ್‌ಗಳ ಪಟ್ಟಿ ನಿಮ್ಮಲ್ಲಿ ಪ್ರತಿ ವಾರ ಬೇಕಾಗುತ್ತದೆ, ಒಂದೇ ವ್ಯೂ ಸಾಕು, ಸರಿಯೋ ತಪ್ಪೋ ಎಂದು ರ‍್ಯಾಕಿನ ಮುಂದೆ ನಿಂತು ಡಬ್ಬಿ ತಿರುಗಿಸಿ ನೋಡಬಹುದು. ಪಟ್ಟಿಯನ್ನು ಗೋದಾಮಿನವರೇ ತೆಗೆಯಲಿ. ಡೆವಲಪರ್ ಪಕ್ಕದಲ್ಲಿ ಕುಳಿತು, ಮೌಸ್ ಮುಟ್ಟದೆ, ಅವರ ಕೈ ಎಲ್ಲಿ ತಡವರಿಸುತ್ತದೆ ಎಂದು ಬರೆದುಕೊಳ್ಳಲಿ. ತಡವರಿಸಿದ ಜಾಗಗಳಲ್ಲಿ ಕಾಲಂನ ಹೆಸರು ಬದಲಿಸಿ, ಮರುವಾರ ಮತ್ತೆ ಕೂರಿಸಿ. ಬಿಲ್ಲುವಾರು ಬಾಕಿಯನ್ನು ಅದಾದ ಮೇಲೆ ಕೈಗೆತ್ತಿಕೊಳ್ಳಿ. ಅದನ್ನು ಎಲ್ಲರಿಗೂ ತೆರೆಯುವ ಮೊದಲು ಹತ್ತು ಗ್ರಾಹಕರ ಬಾಕಿಯನ್ನು ಲೆಡ್ಜರ್‌ನೊಂದಿಗೆ ಪೈಸೆ ಪೈಸೆ ತಾಳೆ ನೋಡಿ. ಆ ಹತ್ತರಲ್ಲಿ ಕಂತಿನಲ್ಲಿ ಕೊಟ್ಟವರೂ, ಮಾಲು ವಾಪಸು ಕಳುಹಿಸಿದವರೂ, ಬಿಲ್ಲು ರದ್ದಾದವರೂ ಇರಲೇಬೇಕು.